ಎರಡೂ ಕೈಯಲ್ಲಿ ಒತ್ತು

ನಾನು ಕಲಿತ ಮೊದಲ ಕಸುಬು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತುವುದು. ಆಗ ನನಗೆ ಹನ್ನೆರಡು ವರ್ಷ. ಪೀಣ್ಯಕ್ಕೆ ಹತ್ತಿರದ ದಾಸರಹಳ್ಳಿಯ ವಠಾರವೊಂದರಲ್ಲಿ ನಮ್ಮ ಮನೆ. ದಮ್ಮಾಮಿನಲ್ಲಿದ್ದ ಚಾಚಾ ರಜೆಗೆ ಬಂದಾಗ ತಂದುಕೊಟ್ಟಿದ್ದ ಟೂ-ಇನ್-ಒನ್ ಟೇಪ್ ರೆಕಾರ್ಡರ್ ಗೋಡೆಗೂಡಿನಲ್ಲಿ, ಅಮ್ಮಿ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಕೂತಿರುತ್ತಿತ್ತು. ಎರಡು ಮೂರು ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ, ಅಬ್ಬಾ ಆ ಬಟ್ಟೆ ಸರಿಸಿ ನನ್ನನ್ನು ಕರೆಯುತ್ತಿದ್ದರು. ‘ಬಾ ಬೇಟಾ, ಒತ್ತು.’ ನಾನು ತೋರುಬೆರಳನ್ನು ಪ್ಲೇ ಗುಂಡಿಯ ಮೇಲೂ ನಡುಬೆರಳನ್ನು ಕೆಂಪು ಚುಕ್ಕೆಯಿದ್ದ ರೆಕಾರ್ಡ್ ಗುಂಡಿಯ ಮೇಲೂ ಇಟ್ಟು ಒಮ್ಮೆಗೇ ಅದುಮುತ್ತಿದ್ದೆ. ‘ಖಟ್’ ಎನ್ನುತ್ತಿತ್ತು. ಕ್ಯಾಸೆಟ್ಟಿನ ಚಕ್ರ ತಿರುಗಲು ಶುರುವಾದದ್ದನ್ನು ನೋಡಿ, ‘ಅಬ್ಬಾ, ಆಯ್ತು’ ಎಂದು ಹೇಳಿ ಹೊರಗೆ ಆಡಲು ಓಡುತ್ತಿದ್ದೆ. ನಿಲ್ಲಿಸುವುದಕ್ಕೆ ಒಂದೇ ಗುಂಡಿ. ಅದನ್ನು ಅಬ್ಬಾ ಹೆಬ್ಬೆರಳಿನಿಂದ ತಾವೇ ಒತ್ತಿಕೊಳ್ಳುತ್ತಿದ್ದರು.

ಅವರ ಬಲಗೈಯಲ್ಲಿ ಆ ಎರಡು ಬೆರಳು ಇರಲಿಲ್ಲ. 1991ರಲ್ಲಿ ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಹೋಗಿದ್ದವು. ಪೆನ್ನು ಹಿಡಿಯಲು ಆಗದ ಮೇಲೆ ಚಾಚಾನಿಗೆ ಕಾಗದ ಬರೆಯುವುದು ನಿಂತು, ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುವುದು ಶುರುವಾಗಿತ್ತು. ಗುಂಡಿಗಳನ್ನು ಅವರು ಎಡಗೈಯಿಂದ ಒತ್ತಬಹುದಿತ್ತು. ಆದರೂ ನನ್ನನ್ನೇ ಕರೆಯುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಆ ಕಾಲದ ಟೇಪ್ ರೆಕಾರ್ಡರುಗಳಲ್ಲಿ ರೆಕಾರ್ಡ್ ಗುಂಡಿ ಒಂದನ್ನೇ ಒತ್ತಿದರೆ ಯಂತ್ರ ಓಡುತ್ತಿರಲಿಲ್ಲ. ಹೊಸದನ್ನು ತುಂಬುವಾಗ ಹಳೆಯದು ಅಳಿಸಿಹೋಗುತ್ತದೆ, ಅಳಿದದ್ದು ಮತ್ತೆ ಬರುವುದಿಲ್ಲ. ಆದ್ದರಿಂದ ಕೈತಪ್ಪಿ ಒಂದು ಬೆರಳು ತಗಲಿದ ಮಾತ್ರಕ್ಕೆ ಅಳಿಸುವ ಕೆಲಸ ಶುರುವಾಗಬಾರದು, ಮನಸ್ಸಿಟ್ಟು ಎರಡು ಬೆರಳು ಹಾಕಿದರೆ ಮಾತ್ರ ಆಗಬೇಕು ಎಂಬುದು ಆ ಏರ್ಪಾಟು. ಇದು ನನಗೆ ಅರ್ಥವಾದದ್ದು ಹತ್ತು ವರ್ಷಗಳ ನಂತರ, ಒತ್ತುವುದೇ ನನ್ನ ಅನ್ನದ ದಾರಿಯಾದಾಗ.

2003ರಲ್ಲಿ ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಆಡಿಯೋ ಎಡಿಟರ್ ಆಗಿ ಸೇರಿದೆ. ಕಂಪ್ಯೂಟರಿನಲ್ಲಿ ನೋಡಿ ಕೇಳಿ ಕಲಿಯುವ ಪಾಠಗಳನ್ನು ತಯಾರಿಸುವ ಜಾಗ ಅದು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಆರಂಭಿಸಿದ ಆ ಬಡಾವಣೆಯ ಹಿಂದೆ ಆರ್. ಕೆ. ಬಾಳಿಗಾ ಅವರ ಕನಸಿತ್ತು. ಬೆಂಗಳೂರಿನ ಒಂದು ತುದಿಯಲ್ಲಿ ಪೀಣ್ಯ, ಇನ್ನೊಂದು ತುದಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ. ದಾಸರಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಒಂದು ಬಸ್ಸು, ಅಲ್ಲಿಂದ ಹೊಸೂರು ರಸ್ತೆಗೆ ಇನ್ನೊಂದು. ಸಿಲ್ಕ್ ಬೋರ್ಡಿನಲ್ಲಿ ನಿಂತರೆ ನಿಂತಂತೆಯೇ. ಒಂದು ದಿಕ್ಕಿಗೆ ಎರಡು ಗಂಟೆ ಹಿಡಿದ ದಿನಗಳೂ ಇದ್ದವು. ಅಬ್ಬಾ ಬೆಳಗಿನ ಶಿಫ್ಟಿಗೆ ಸೈಕಲ್ ಹತ್ತುವ ಹೊತ್ತಿಗೇ ನಾನೂ ಟಿಫಿನ್ ಡಬ್ಬಿ ಹಿಡಿದು ಹೊರಡುತ್ತಿದ್ದೆ.

ಅಲ್ಲಿ ನನಗೆ ಕೆಲಸ ಕಲಿಸಿದವರು ವಯಸ್ಸಾದ ಒಬ್ಬ ಧ್ವನಿ ತಂತ್ರಜ್ಞರು. ಕಾಲಿಂಚು ಅಗಲದ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸುತ್ತಿದ್ದ ಕಾಲದವರು. ಟೇಪು ಸೆಕೆಂಡಿಗೆ ಹದಿನೈದು ಇಂಚು ಓಡುತ್ತಿದ್ದರಿಂದ ಒಂದು ಉಸಿರು ಅವರಿಗೆ ಏಳೆಂಟು ಇಂಚು ಉದ್ದದ ವಸ್ತುವಾಗಿ ಕಣ್ಣಿಗೆ ಕಾಣುತ್ತಿತ್ತಂತೆ. ನಾವು ಬಳಸುತ್ತಿದ್ದ ಕೂಲ್ ಎಡಿಟ್ ಪ್ರೊ ಎಂಬ ತಂತ್ರಾಂಶವನ್ನು ಅದೇ ವರ್ಷ ಅಡೋಬಿ ಕೊಂಡುಕೊಂಡು ಆಡಿಷನ್ ಎಂದು ಹೆಸರು ಬದಲಿಸಿತು. ಹೆಸರು ಬದಲಾದರೂ ಗುಂಡಿಗಳು ಬದಲಾಗಲಿಲ್ಲ. ಸ್ಪೇಸ್ ಬಾರನ್ನು ತಟ್ಟಿದರೆ ಓಡುತ್ತದೆ, ಇನ್ನೊಮ್ಮೆ ತಟ್ಟಿದರೆ ನಿಲ್ಲುತ್ತದೆ. ಮೊದಲ ವಾರ ನಾನು ಅದನ್ನು ಟೂ-ಇನ್-ಒನ್ ಗುಂಡಿಯಂತೆ ಬಲವಾಗಿ ಅದುಮುತ್ತಿದ್ದೆ. ‘ಇದು ಒನಕೆ ಕುಟ್ಟುವ ಕೆಲಸವಲ್ಲ ಕಣಮ್ಮ’ ಎಂದು ಅವರು ನಗುತ್ತಿದ್ದರು.

ಒತ್ತುವುದರಲ್ಲಿ ಎಷ್ಟು ಬಗೆ ಇದೆ ಎಂದು ಅವರಿಂದ ತಿಳಿಯಿತು. ತಟ್ಟಿ ಬಿಡುವ ಗುಂಡಿ ಬೇರೆ, ಹಿಡಿದುಕೊಂಡೇ ಇರಬೇಕಾದ ಗುಂಡಿ ಬೇರೆ. ಗಾಜಿನ ಆಚೆ ಓದುತ್ತಿರುವವರ ಜೊತೆ ಮಾತಾಡಲು ಟಾಕ್‌ಬ್ಯಾಕ್ ಗುಂಡಿ ಒತ್ತಿ ಹಿಡಿದಿರಬೇಕು. ಬೆರಳು ತೆಗೆದರೆ ನಮ್ಮ ಮಾತು ಅವರಿಗೆ ಕೇಳದು. ಮ್ಯೂಟ್ ಗುಂಡಿ ಹಾಗಲ್ಲ, ಒಮ್ಮೆ ಒತ್ತಿದರೆ ಮತ್ತೆ ಒತ್ತುವವರೆಗೆ ಬಾಯಿ ಮುಚ್ಚಿಸಿಯೇ ಇಡುತ್ತದೆ. ಜಾಗ್ ಚಕ್ರವನ್ನು ಬೆರಳ ತುದಿಯಲ್ಲಿ ಸವರುತ್ತ, ಒಂದು ಅಕ್ಷರದ ಮೇಲೆ ಹಿಂದೆ ಮುಂದೆ ಓಡಾಡಿ, ಅದು ಎಲ್ಲಿ ಹುಟ್ಟುತ್ತದೆ ಎಂದು ಹುಡುಕಬೇಕು. ನಮ್ಮ ಕನ್ನಡದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಮಾತೇ ಇದೆ: ತಟ್ಟು, ಮೀಟು, ಒತ್ತು, ಅಮುಕು, ಅದುಮು. ಬಾಗಿಲನ್ನು ತಟ್ಟುತ್ತೇವೆ, ತಂತಿಯನ್ನು ಮೀಟುತ್ತೇವೆ, ಕಾಲು ಒತ್ತುತ್ತೇವೆ, ದುಃಖವನ್ನು ಅದುಮುತ್ತೇವೆ.

ಅವರು ಕಲಿಸಿದ ಇನ್ನೊಂದು ಪಾಠ ಉಸಿರಿನದು. ಓದುವವರ ಮಾತಿನ ನಡುವೆ ಉಸಿರೆಳೆದ ಸದ್ದು ಬರುತ್ತದೆ. ಗಿರಾಕಿಗಳಿಗೆ ಅದು ಬೇಡ, ತೆಗೆಯಿರಿ ಎನ್ನುತ್ತಾರೆ. ‘ತೆಗೆಯುವುದಾದರೆ ತೆಗಿ. ಆದರೆ ಇಟ್ಟುಕೊಳ್ಳುವಾಗ ಉಸಿರಿನ ಮುಂಚೆ ಕತ್ತರಿಸು, ಉಸಿರಾದ ಮೇಲೆ ಕತ್ತರಿಸಬೇಡ. ಉಸಿರು ಹಿಂದಿನ ಮಾತಿಗೆ ಸೇರಿದ್ದಲ್ಲ, ಮುಂದೆ ಆಡುವ ಮಾತಿಗೆ ಸೇರಿದ್ದು’ ಎನ್ನುತ್ತಿದ್ದರು.

ಒಮ್ಮೆ ಅವಸರದಲ್ಲಿ ನಾನೊಂದು ಎಡವಟ್ಟು ಮಾಡಿದೆ. ಕನ್ನಡ ಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಪಾಠ. ಎಂಟು ನಿಮಿಷದ್ದನ್ನು ಏಳಕ್ಕೆ ಇಳಿಸಬೇಕಿತ್ತು. ಮೌನ ಇದ್ದಲ್ಲೆಲ್ಲ ತಾನಾಗಿಯೇ ತೆಗೆದುಹಾಕುವ ಆದೇಶವೊಂದು ತಂತ್ರಾಂಶದಲ್ಲಿತ್ತು. ಅದನ್ನು ಬಿಗಿಯಾಗಿ ಹಿಡಿಸಿ ಒಂದೇ ಗುಂಡಿ ಒತ್ತಿದೆ. ಏಳು ನಿಮಿಷವೇನೋ ಆಯಿತು. ಕೇಳಿದರೆ ‘ಎಂಟರ್ ಕೀ ಒತ್ತಿ’ ಎಂಬುದು ‘ಎಂಟರ್ ಕೀ ಒತಿ’ ಆಗಿತ್ತು! ‘ಹತ್ತು’ ಹೋಗಿ ‘ಹತು’, ‘ಕಪ್ಪು’ ಹೋಗಿ ‘ಕಪು’. ಕ, ತ, ಪ ಅಕ್ಷರಗಳನ್ನು ಹೇಳುವ ಮುನ್ನ ಬಾಯಿ ಒಂದು ಗಳಿಗೆ ಪೂರ್ತಿ ಮುಚ್ಚಿಕೊಂಡು ದನಿ ನಿಲ್ಲುತ್ತದೆ. ಒತ್ತಕ್ಷರ ಬಂದರೆ ಆ ನಿಲುಗಡೆ ಇನ್ನೂ ಉದ್ದ. ನಾವು ಒತ್ತು ಎಂದು ಬರೆಯುವುದು ಕಿವಿಗೆ ಬಹುಪಾಲು ಮೌನವೇ. ಯಂತ್ರ ಅದನ್ನು ಖಾಲಿ ಜಾಗ ಎಂದು ತಿಳಿದು ಕಿತ್ತುಹಾಕಿತ್ತು. ಆ ರಾತ್ರಿ ಕೂತು ಇಡೀ ಪಾಠಕ್ಕೆ ಒಂದೊಂದೇ ಒತ್ತನ್ನು ಮರಳಿ ಹಾಕಿದೆ. ಮನೆ ತಲುಪಿದಾಗ ಹನ್ನೊಂದು ದಾಟಿತ್ತು. ಅಬ್ಬಾ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದರು.

ಅಬ್ಬಾ ಮಾಡುತ್ತಿದ್ದ ಕೆಲಸದ ಬಗ್ಗೆಯೂ ಸ್ವಲ್ಪ ಹೇಳಬೇಕು. ತುಮಕೂರು ಜಿಲ್ಲೆಯ ಹಳ್ಳಿಯಿಂದ ಅವರು ಪೀಣ್ಯಕ್ಕೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಲೇತು, ಡ್ರಿಲ್ಲು, ಪ್ರೆಸ್ಸುಗಳ ಸಣ್ಣ ಸಣ್ಣ ಶೆಡ್ಡುಗಳು ಅಲ್ಲಿ ಸಾಲುಸಾಲಾಗಿ ಏಳುತ್ತಿದ್ದ ಕಾಲ. ಅವರ ಪಾಲಿಗೆ ಬಂದದ್ದು ಪವರ್ ಪ್ರೆಸ್. ಕೆಳಗೆ ಡೈ, ಮೇಲೆ ಪಂಚ್, ಪಕ್ಕದಲ್ಲಿ ಬಿಡದೆ ತಿರುಗುವ ಭಾರದ ಚಕ್ರ. ತಗಡಿನ ತುಂಡನ್ನು ಡೈ ಮೇಲಿಟ್ಟು ಗುಂಡಿ ಒತ್ತಿದರೆ ಕ್ಲಚ್ ಕಚ್ಚಿಕೊಂಡು ಪಂಚ್ ಕೆಳಗೆ ಬಂದು ಒಂದು ಪೀಸ್ ಆಗುತ್ತದೆ. ಆ ಹಳೆಯ ಪ್ರೆಸ್ಸುಗಳಲ್ಲಿ ಒಮ್ಮೆ ಕ್ಲಚ್ ಕಚ್ಚಿತೆಂದರೆ ಒಂದು ಸುತ್ತು ಮುಗಿಯದೆ ಬಿಡುತ್ತಿರಲಿಲ್ಲ. ನಡುವೆ ನಿಲ್ಲಿಸುವ ದಾರಿ ಇರಲಿಲ್ಲ. ನಾವು ಎಡಿಟರುಗಳು ದಿನಕ್ಕೆ ನೂರು ಸಲ ‘ಅನ್‌ಡೂ’ ಒತ್ತಿ ಮಾಡಿದ್ದನ್ನು ಮಾಡಿಲ್ಲವೆನ್ನಿಸಿಕೊಳ್ಳುತ್ತೇವೆ.

ಕೈ ಒಳಗಿರುವಾಗ ಪಂಚ್ ಇಳಿಯಬಾರದೆಂದು ಗುಂಡಿ ಎರಡು ಇರುತ್ತವೆ, ಎಡಕ್ಕೊಂದು, ಬಲಕ್ಕೊಂದು, ಒಂದೇ ಕೈ ಎರಡಕ್ಕೂ ಎಟಕದಷ್ಟು ದೂರದಲ್ಲಿ. ಎರಡನ್ನೂ ಒತ್ತಿದರೆ ಮಾತ್ರ ಪಂಚ್ ಇಳಿಯಬೇಕು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಡೈ ಮೇಲೆ ಇರಲು ಮೂರನೆಯ ಕೈ ಇಲ್ಲವಲ್ಲ! ನಮ್ಮ ಟೇಪ್ ರೆಕಾರ್ಡರಿನದೂ ಇದೇ ಲೆಕ್ಕ. ಆದರೆ ಎರಡು ಗುಂಡಿಗಳನ್ನು ಸುಮ್ಮನೆ ಒಂದರ ಹಿಂದೊಂದು ತಂತಿಯಲ್ಲಿ ಜೋಡಿಸಿಬಿಟ್ಟರೆ, ಒಂದನ್ನು ಸದಾ ಒತ್ತಿದಂತೆ ಕಟ್ಟಿಹಾಕಿ ಇನ್ನೊಂದರಲ್ಲೇ ಕೆಲಸ ನಡೆಸಬಹುದು. ಸರಿಯಾಗಿ ಮಾಡಿದ ಏರ್ಪಾಟಿನಲ್ಲಿ ಇದು ನಡೆಯುವುದಿಲ್ಲ. ಎರಡೂ ಗುಂಡಿ ಅರ್ಧ ಸೆಕೆಂಡಿನ ಒಳಗೆ ಜೊತೆಯಾಗಿ ಬೀಳಬೇಕು, ಪ್ರತಿ ಪೀಸಿಗೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಅಬ್ಬಾ ನಿಂತಿದ್ದ ಪ್ರೆಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ.

ಅಪಘಾತವಾದಾಗ ನಮಗೆ ಮನೆಯಲ್ಲಿ ತಿಳಿದದ್ದು ಇಷ್ಟೇ: ರಾತ್ರಿ ಶಿಫ್ಟಿನಲ್ಲಿ ಕಣ್ಣು ಎಳೆದಿತ್ತು, ಗಮನ ತಪ್ಪಿ ಕೈ ಒಳಗೆ ಹೋಯಿತು. ಅಬ್ಬಾ ಹಾಗೆಂದೇ ಬರೆದುಕೊಟ್ಟಿದ್ದರು. ಆಗಿನ ಇ.ಎಸ್.ಐ. ಕಾಯ್ದೆಯ ಪಟ್ಟಿಯಲ್ಲಿ ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 20 ನಷ್ಟ ಎಂದಿತ್ತು. ಹೆಬ್ಬೆರಳಾದರೆ ಒಂದಕ್ಕೇ ಶೇಕಡಾ 30. ಆ ಲೆಕ್ಕದಲ್ಲಿ ತಿಂಗಳು ತಿಂಗಳು ಸ್ವಲ್ಪ ಹಣ ಬರುತ್ತಿತ್ತು. ಗಮನ ತಪ್ಪಿತೆಂದು ಬರೆದುಕೊಟ್ಟ ಮಾತ್ರಕ್ಕೆ ಆ ಹಣವೇನೂ ನಿಲ್ಲಲಿಲ್ಲ. ನಿಂತದ್ದು ಯಂತ್ರದ ಬಗ್ಗೆ ಏಳಬೇಕಾಗಿದ್ದ ಪ್ರಶ್ನೆ. ಅಬ್ಬಾ ಅದೇ ಕಾರ್ಖಾನೆಯ ಸ್ಟೋರಿಗೆ ಹೋದರು, ಸಂಬಳ ಕಡಿಮೆಯಾಯಿತು. ಅಮ್ಮಿ ಬೀಡಿ ಸುತ್ತಿದರು, ಊದುಬತ್ತಿ ಹೊಸೆದರು, ಮನೆ ನಡೆಸಿದರು. ಕಷ್ಟ ಹೆಚ್ಚಾದ ದಿನ ಅವರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತಿತ್ತು: ‘ಅವತ್ತು ಕಣ್ಣು ಬಿಟ್ಟುಕೊಂಡು ಕೆಲಸ ಮಾಡಿದ್ದರೆ!’ ಅಬ್ಬಾ ಉತ್ತರ ಕೊಡುತ್ತಿರಲಿಲ್ಲ. ಕೇಳಿಸಲಿಲ್ಲವೇನೋ ಎಂಬಂತೆ ಕೂತಿರುತ್ತಿದ್ದರು.

ಅವರಿಗೆ ನಿಜಕ್ಕೂ ಅರ್ಧ ಕೇಳಿಸುತ್ತಿರಲಿಲ್ಲ ಎಂಬುದು ನನಗೆ ಸ್ಟುಡಿಯೋದಲ್ಲಿ ಕೂತ ಮೇಲೆ ಹೊಳೆಯಿತು. ಟೀವಿಯ ದನಿ ಏರಿಸುತ್ತಾರೆ, ‘ಸಾಕಾ?’ ಎಂದರೆ ‘ಯಾಕೆ?’ ಎನ್ನುತ್ತಾರೆ, ಶಾಲೆ ಎಂದರೆ ಬಾಲೆ ಎಂದು ತಿಳಿಯುತ್ತಾರೆ ಎಂದು ನಾವು ಮಕ್ಕಳು ನಗುತ್ತಿದ್ದೆವು. ಬಿಡದೆ ಬಡಿಯುವ ಸದ್ದಿನ ನಡುವೆ ವರ್ಷಗಟ್ಟಲೆ ನಿಂತವರ ಕಿವಿ ಮೊದಲು ಸೋಲುವುದು 4000 ಹರ್ಟ್ಸ್ ಆಸುಪಾಸಿನಲ್ಲಿ. ಸ, ಶ, ಚ ಅಕ್ಷರಗಳ ಹರಿತವೆಲ್ಲ ಇರುವುದು ಆ ಎತ್ತರದಲ್ಲೇ. ಪರದೆಯ ಮೇಲೆ ಒಂದು ದಿನ ಆ ಭಾಗವನ್ನು ತಗ್ಗಿಸಿ, ಹೆಡ್‌ಫೋನಿನಲ್ಲಿ ಕೇಳಿದೆ. ಮಾತು ಇತ್ತು, ಅದರ ಅಂಚು ಇರಲಿಲ್ಲ. ಕಂಬಳಿ ಹೊದಿಸಿದ ಬಾಯಿಂದ ಬಂದಂತಿತ್ತು. ಅಬ್ಬಾನಿಗೆ ನಾವೆಲ್ಲ ಹೀಗೆ ಕೇಳಿಸುತ್ತೇವೆ ಎಂದು ತಿಳಿದ ಮೇಲೆ ನಗು ಬರಲಿಲ್ಲ. ಬೆರಳಿಗೆ ಶೇಕಡಾವಾರು ಲೆಕ್ಕ ಸಿಕ್ಕಿತ್ತು. ಕಿವಿಯನ್ನು ಯಾರೂ ಕೇಳಿರಲೇ ಇಲ್ಲ, ನಾವೂ ಕೇಳಿರಲಿಲ್ಲ.

2009ರಲ್ಲಿ ಅಬ್ಬಾ ತೀರಿಕೊಂಡರು. ಮೂರು ವರ್ಷಗಳ ನಂತರ ಚಾಚಾ ದಮ್ಮಾಮ್ ಬಿಟ್ಟು ಊರಿಗೆ ಬಂದವರು ಒಂದು ಚೀಲದ ತುಂಬ ಕ್ಯಾಸೆಟ್ಟು ತಂದು ನನ್ನ ಮುಂದಿಟ್ಟರು. ‘ನಿನಗೆ ಈ ಕೆಲಸ ಗೊತ್ತಲ್ಲ, ಕಂಪ್ಯೂಟರಿಗೆ ಹಾಕು, ಮಕ್ಕಳು ಕೇಳಲಿ.’ ಇಪ್ಪತ್ತಮೂರು ಕ್ಯಾಸೆಟ್ಟಿನಲ್ಲಿ ಅಬ್ಬಾನ ದನಿ ಉಳಿದದ್ದು ನಾಲ್ಕರಲ್ಲಿ ಮಾತ್ರ. ಆ ಕಾಲದಲ್ಲಿ ಬಂದ ಕ್ಯಾಸೆಟ್ಟಿನ ಮೇಲೆಯೇ ಉತ್ತರ ತುಂಬಿಸಿ ತಿರುಗಿ ಕಳಿಸುತ್ತಿದ್ದರು. ಒಬ್ಬರ ಮಾತು ಅಳಿಸಿದ ಜಾಗದಲ್ಲೇ ಇನ್ನೊಬ್ಬರ ಮಾತು. ಉಳಿದ ನಾಲ್ಕರಲ್ಲಿ ಒಂದರ ಹಿಂಬದಿಯ ಪ್ಲಾಸ್ಟಿಕ್ ಹಲ್ಲನ್ನು ಚಾಚಾ ಮುರಿದಿದ್ದರು. ಆ ಹಲ್ಲು ಮುರಿದ ಕ್ಯಾಸೆಟ್ಟಿನ ಮೇಲೆ ಮತ್ತೆ ತುಂಬಿಸಲು ಬರುವುದಿಲ್ಲ. ಬೇಕೆಂದೇ ಕಾಪಾಡಿದ್ದರು.

ಆ ಕ್ಯಾಸೆಟ್ಟು ‘ಖಟ್’ ಎಂಬ ಸದ್ದಿನಿಂದ ಶುರುವಾಗುತ್ತದೆ. ಹಿಂದೆಯೇ ‘ಅಬ್ಬಾ, ಆಯ್ತು’ ಎಂಬ ನನ್ನ ಹನ್ನೆರಡು ವರ್ಷದ ದನಿ. ಆಮೇಲೆ ಅಬ್ಬಾ, ನಮ್ಮ ಮನೆಯ ದಖನಿಯಲ್ಲಿ. ಮಳೆ, ಬಾಡಿಗೆ, ಅಜ್ಜಿಯ ಕಾಲು ನೋವು. ನಂತರ ದನಿ ಇಳಿಯುತ್ತದೆ. ಚಾಚಾನಿಗೆ ಅಲ್ಲಿ ಒಂದು ವರ್ಕ್‌ಶಾಪಿನಲ್ಲಿ ಪ್ರೆಸ್ ಮೇಲೆ ಕೆಲಸ ಸಿಕ್ಕಿತ್ತಂತೆ. ಅದಕ್ಕೇ ಈ ಮಾತು. ‘ನಾನು ನಿದ್ದೆ ಮಾಡಿರಲಿಲ್ಲ. ಬಲಗಡೆ ಗುಂಡಿಗೆ ಸೈಕಲ್ ಟ್ಯೂಬ್ ಕಟ್ಟಿತ್ತು. ಎಲ್ಲ ಪ್ರೆಸ್ಸಿಗೂ ಕಟ್ಟಿತ್ತು. ಎರಡೂ ಕೈಯಲ್ಲಿ ಒತ್ತಿದರೆ ಗಂಟೆಗೆ ಮುನ್ನೂರು ಪೀಸ್, ಕಟ್ಟಿದರೆ ನಾನೂರೈವತ್ತು. ಕಟ್ಟುವುದನ್ನು ತೋರಿಸಿಕೊಟ್ಟವನು ನನ್ನನ್ನು ಕೆಲಸಕ್ಕೆ ಸೇರಿಸಿದವನೇ. ನಾನು ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಟ್ಯೂಬ್ ಬಿಚ್ಚಿದ್ದರು. ನೋಡಲು ಬಂದವರಿಗೆ ಎರಡೂ ಗುಂಡಿ ಸರಿಯಾಗಿ ಕಂಡವು. ನಾನು ಬಾಯಿಬಿಟ್ಟರೆ ಅವನ ಕೆಲಸವೂ ಹೋಗುತ್ತದೆ, ನನ್ನ ಸ್ಟೋರೂ ಹೋಗುತ್ತದೆ. ಸಹಿ ಹಾಕಿದೆ. ನೀನು ಯಾರಿಗೂ ಹೇಳಬೇಡ. ಆದರೆ ನೀನು ಎರಡೂ ಕೈಯಲ್ಲಿ ಒತ್ತು. ಎಷ್ಟು ಬೈದರೂ ಎರಡೂ ಕೈಯಲ್ಲೇ ಒತ್ತು.’

ಆ ಹೊತ್ತಿಗೆ ಅಡುಗೆಮನೆಯಿಂದ ಪಾತ್ರೆಯ ಸದ್ದು ಹತ್ತಿರವಾಗುತ್ತದೆ. ಅಮ್ಮಿಯ ದನಿ: ‘ಸೌದಿಗೆ ಏನು ಹೇಳುತ್ತೀರಿ? ಕಣ್ಣು ಬಿಟ್ಟುಕೊಂಡು ಕೆಲಸ ಮಾಡು ಅಂತ ಹೇಳಿ ತಮ್ಮನಿಗೆ. ನಿಮ್ಮ ಹಾಗೆ ಮಾಡಿಕೊಳ್ಳಬೇಡ ಅಂತ ಹೇಳಿ.’ ಅಬ್ಬಾ ಹೇಳುತ್ತಾರೆ: ‘ಹೌದು. ನನ್ನದೇ ತಪ್ಪು.’ ಅಲ್ಲಿಗೆ ಆ ಬದಿ ಮುಗಿಯುತ್ತದೆ.

ಅಮ್ಮಿ ಇದನ್ನು ಮೊದಲ ಸಲ ಕೇಳಿದ್ದು ನನ್ನ ಪಕ್ಕ ಕೂತು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಾನು ಮಾತಾಡಿದ್ದನ್ನು ತೆಗೆದುಬಿಡು’ ಎಂದರು. ಟ್ಯೂಬಿನ ಕತೆ ಇರಲಿ, ಮಕ್ಕಳು ತಿಳಿಯಲಿ. ತನ್ನ ಮಾತು ಮಾತ್ರ ಬೇಡ.

ಹನ್ನೊಂದು ಸೆಕೆಂಡು. ಅದಕ್ಕಿಂತ ಕಷ್ಟದ ಸಾವಿರ ಕತ್ತರಿಯನ್ನು ನಾನು ಹಾಕಿದ್ದೇನೆ. ಪಾತ್ರೆ ಸದ್ದಿನ ಮುಂಚೆ ಒಂದು ಗುರುತು, ‘ತಪ್ಪು’ ಆದ ಮೇಲೆ ಒಂದು ಗುರುತು, ಡಿಲೀಟ್. ಎರಡು ತುದಿಗಳನ್ನು ಮೆಲ್ಲಗೆ ಒಂದರೊಳಗೊಂದು ಬೆರೆಸಿದರೆ ಜೋಡಣೆ ಯಾವ ಕಿವಿಗೂ ತಿಳಿಯುವುದಿಲ್ಲ. ‘ಯಾರಿಗಾದರೂ ಗೊತ್ತಾಗುತ್ತದಾ?’ ಎಂದು ಅಮ್ಮಿ ಕೇಳಿದರು. ‘ಇಲ್ಲ ಅಮ್ಮಿ’ ಎಂದೆ. ನಿಜವನ್ನೇ ಹೇಳಿದೆ. ಅವರು ಅನುಭವಿಸಿದ್ದೇನು ಕಡಿಮೆಯೇ? ಸುಳ್ಳನ್ನು ಸತ್ಯವೆಂದು ನಂಬಿಸಿದವರು ಬೇರೆ ಯಾರೋ, ನಂಬಿ ಆಡಿದ ಮಾತಿಗೆ ನಾಚಿಕೆ ಪಡುವವರು ಇವರು. ತೆಗೆದರೆ ಅವರ ಮನಸ್ಸು ಹಗುರಾದೀತು. ಆದರೆ ‘ಹೌದು, ನನ್ನದೇ ತಪ್ಪು’ ಎಂಬುದೂ ಜೊತೆಗೇ ಹೋಗುತ್ತದೆ. ಆ ಸಹಿಯನ್ನು ಅಬ್ಬಾ ಮನೆಯೊಳಗೂ ಪ್ರತಿದಿನ ಹಾಕುತ್ತಿದ್ದರು ಎಂಬುದಕ್ಕೆ ಉಳಿದಿದ್ದ ಒಂದೇ ಸಾಕ್ಷಿ ಅದು. ಗುರುತು ಹಾಕಿದೆ. ಆ ಭಾಗ ಪರದೆಯ ಮೇಲೆ ಬೆಳ್ಳಗಾಯಿತು. ಬೆರಳು ಡಿಲೀಟ್ ಗುಂಡಿಯ ಮೇಲಿತ್ತು.

‘ಇನ್ನೊಂದು ಸಲ ಹಾಕು’ ಎಂದರು ಅಮ್ಮಿ.

ಹಾಕಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ‘ಕೊನೆಯಲ್ಲಿ ಏನೋ ಇದೆಯಲ್ಲ, ತಪ್ಪು ಅಂದ ಮೇಲೆ. ಅದೇನು?’

ನಾನು ಅದನ್ನು ಗಮನಿಸಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು, ದನಿ ಏರಿಸಿ, ಹಿಂದೆ ಮುಂದೆ ಓಡಿಸಿ ನೋಡಿದೆ. ಅಬ್ಬಾ ಉಸಿರೆಳೆದುಕೊಂಡ ಸದ್ದು. ಅರ್ಧ ಸೆಕೆಂಡು ಇರಬಹುದು. ಅದರ ಹಿಂದೆಯೇ ಹೆಬ್ಬೆರಳು ನಿಲ್ಲಿಸುವ ಗುಂಡಿ ಒತ್ತಿದ ಸದ್ದು. ಉಸಿರು ಮುಂದೆ ಆಡುವ ಮಾತಿಗೆ ಸೇರಿದ್ದು ಎಂದು ಕಲಿಸಿದವರ ನೆನಪಾಯಿತು. ಏನೋ ಹೇಳಲು ಹೊರಟು ಸುಮ್ಮನಾಗಿದ್ದರು.

‘ಅಬ್ಬಾ ಉಸಿರು ತೆಗೆದುಕೊಂಡದ್ದು ಅಮ್ಮಿ. ಇನ್ನೂ ಏನೋ ಹೇಳುವುದಿತ್ತು ಅನ್ನಿಸುತ್ತದೆ’ ಎಂದೆ.

ಅಮ್ಮಿ ಹೆಡ್‌ಫೋನ್ ಕೇಳಿ ಪಡೆದು ತಲೆಯ ಸೆರಗಿನ ಮೇಲೆಯೇ ಇಟ್ಟುಕೊಂಡರು. ಆ ಅರ್ಧ ಸೆಕೆಂಡನ್ನು ಎಷ್ಟು ಸಲ ಹಾಕಿದೆನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಸ್ಪೇಸ್ ಬಾರನ್ನು ಮೆತ್ತಗೆ ತಟ್ಟುತ್ತಿದ್ದೆ. ಕೊನೆಗೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

‘ತೆಗೆಯಲಾ?’ ಎಂದೆ.

‘ನಕ್ಕೋ’ ಎಂದರು.

ದಖನಿಯಲ್ಲಿ ಬೇಡ ಎನ್ನಲು ಅದೊಂದೇ ಪದ ಸಾಕು. ಅದರಲ್ಲೂ ಒಂದು ಒತ್ತಿದೆ. ಅಮ್ಮಿ ಆ ಒತ್ತಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತರು.

ಇದೆಲ್ಲ ಆಗಿ ವರ್ಷಗಳಾದವು. ಈಗ ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಆರ್. ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ಹಿಡಿದರೆ ಎಲೆಕ್ಟ್ರಾನಿಕ್ ಸಿಟಿ. ಎರಡು ತುದಿಗಳು ಹತ್ತಿರವಾಗಿವೆ. ರೈಲು ಪೀಣ್ಯದ ಶೆಡ್ಡುಗಳ ಮೇಲೆ ಹಾದುಹೋಗುವಾಗ ಗಾಜು ಮುಚ್ಚಿದ ಬೋಗಿಯೊಳಗೆ ಕೆಳಗಿನ ಸದ್ದು ಏನೂ ಕೇಳಿಸುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಆ ಕ್ಯಾಸೆಟ್ಟು ಇಡಿಯಾಗಿದೆ, ಮೊದಲ ‘ಖಟ್’ನಿಂದ ಕೊನೆಯ ‘ಖಟ್’ವರೆಗೆ. ಉಳಿದ ಮೂರು ಕ್ಯಾಸೆಟ್ಟುಗಳ ಹಿಂಬದಿಯ ಹಲ್ಲನ್ನೂ ಮುರಿದಿಟ್ಟಿದ್ದೇನೆ.